ಕಣ್ಣೆದುರಿಗಿದ್ದೂ ಕಾಣದ ಡಬ್ಬಿ

ನಮ್ಮಮ್ಮ ದುಡ್ಡನ್ನು ಬೀರುವಿನಲ್ಲಿ ಇಡುತ್ತಿರಲಿಲ್ಲ, ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಬೀರುವಿಗೆ ಬೀಗ ಇತ್ತು, ಸಾಸಿವೆ ಡಬ್ಬಿಗೆ ಬೀಗ ಇರಲಿಲ್ಲ. ಆದರೂ ನಾವು ಐದು ಜನ ಮಕ್ಕಳು ದಿನಕ್ಕೆ ಹತ್ತು ಸಲ ಅಡುಗೆಮನೆಗೆ ಹೋಗಿ ಬಂದರೂ ಆ ದುಡ್ಡು ಒಮ್ಮೆಯೂ ನಮ್ಮ ಕೈಗೆ ಸಿಗಲಿಲ್ಲ. ಯಾರಿಗೂ ಅನುಮಾನ ಬಾರದ ಸಾಮಾನ್ಯ ವಸ್ತುವಿನೊಳಗೆ ಬಚ್ಚಿಟ್ಟರೆ ಅದೇ ಒಳ್ಳೆಯ ಬೀಗ. ಅಮ್ಮನ ಈ ವಿದ್ಯೆ ನನಗೆ ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಏಳು ಸಮುದ್ರದಾಚೆ ಉಪಯೋಗಕ್ಕೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಹಾಸನದಿಂದ ಮಗಳ ಮನೆಗೆ ಹೋಗಿದ್ದೆವು. ಮಗಳು, ಅಳಿಯಂದಿರು ಇರುವುದು ಅಮೆರಿಕದ ಆರಿಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಹೊರಗಿನ ಒಂದು ಸಣ್ಣ ಊರಿನಲ್ಲಿ. ಅವರಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ನಾವಿಬ್ಬರು ಮತ್ತು ಹತ್ತು ವರ್ಷದ ಮೊಮ್ಮಗ ಪುಟ್ಟ. ಶಾಲೆಗೆ ರಜೆ. ಅವನ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಇಂಗ್ಲಿಷ್ ಅವನಿಗೆ ಕಾಲು ಭಾಗ. ಮೊದಲ ವಾರವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವುದರಲ್ಲೇ ಕಳೆಯಿತು.

ಒಂದು ದಿನ ಅವನು ಅಪ್ಪನ ಹಳೆಯ ಮೊಬೈಲ್ ಹಿಡಿದುಕೊಂಡು ಬಂದ. "ತಾತ, ಬಾ, ನಿಧಿ ಹುಡುಕೋಣ" ಅಂದ.

ಆ ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಮೊಬೈಲಿನ ಜಿಪಿಎಸ್ ಹಿಡಿದು ಹುಡುಕಬೇಕು. ಡಬ್ಬಿಯೊಳಗೆ ಒಂದು ಪುಸ್ತಕ ಅಥವಾ ಕಾಗದದ ಸುರುಳಿ ಇರುತ್ತದೆ. ಸಿಕ್ಕವರು ಅದರಲ್ಲಿ ಹೆಸರು, ತಾರೀಕು ಬರೆದು, ಇದ್ದ ಹಾಗೆಯೇ ಮತ್ತೆ ಬಚ್ಚಿಟ್ಟು ಬರಬೇಕು. ಡಬ್ಬಿ ದೊಡ್ಡದಾಗಿದ್ದರೆ ಒಳಗೆ ಗೋಲಿ, ಬೊಂಬೆ, ಕೀ ಗೊಂಚಲು ಇರುತ್ತವೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಪ್ರಪಂಚದಲ್ಲಿ ಇಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಹೆಚ್ಚಿವೆಯಂತೆ. ಈ ಆಟ ಗೊತ್ತಿಲ್ಲದ ದಾರಿಹೋಕರಿಗೆ 'ಮಗಲ್' ಎಂದು ಹೆಸರು. ಹ್ಯಾರಿ ಪಾಟರ್ ಕಥೆಯಲ್ಲಿ ಮಂತ್ರ ತಿಳಿಯದವರಿಗೆ ಇರುವ ಹೆಸರೇ ಅದು. "ತಾತ, ನಿನ್ನೇವರೆಗೂ ನೀನು ಮಗಲ್ ಆಗಿದ್ದೆ" ಎಂದು ಪುಟ್ಟ ನನಗೆ ಬಡ್ತಿ ಕೊಟ್ಟ.

ಮೊಬೈಲು ನಮ್ಮನ್ನು ಜಾಗದ ಹತ್ತಿರಕ್ಕೆ ಮಾತ್ರ ಕರೆದುಕೊಂಡು ಹೋಗುತ್ತದೆ. ಐದಾರು ಮೀಟರ್ ಆಚೆ ಈಚೆ ಆಗುವುದು ಮಾಮೂಲು, ಮರಗಳ ಕೆಳಗೆ ಇನ್ನೂ ಹೆಚ್ಚು. ಅಲ್ಲಿಂದ ಮುಂದೆ ನಮ್ಮ ಕಣ್ಣೇ ಗತಿ. ಅಲ್ಲೇ ಇರುವುದು ಬಚ್ಚಿಟ್ಟವರ ಜಾಣತನ.

ಮೊದಲನೆಯ ಡಬ್ಬಿ ಒಂದು ಉದ್ಯಾನದಲ್ಲಿತ್ತು. ಅರ್ಧ ಗಂಟೆ ಹುಡುಕಿ ಸುಸ್ತಾಗಿ ಬೆಂಚಿನ ಮೇಲೆ ಕುಳಿತೆ. ನಾನು ನಿವೃತ್ತ ಫಿಟ್ಟರ್ ಮೇಷ್ಟ್ರು. ಐಟಿಐಯಲ್ಲಿ 31 ವರ್ಷ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿದವನು. ಕೂತಲ್ಲಿ ಕೈ ಸುಮ್ಮನಿರದೆ ಬೆಂಚಿನ ಕೆಳಗಿನ ಬೋಲ್ಟುಗಳನ್ನು ಸವರಿತು. ಒಂದು ಕಡೆ ನಾಲ್ಕು ಬೋಲ್ಟು, ಇನ್ನೊಂದು ಕಡೆ ಐದು! ಐದನೆಯದನ್ನು ಎಳೆದೆ, ಕೈಗೆ ಬಂತು. ಅದು ಬೋಲ್ಟಿನ ವೇಷದ ಟೊಳ್ಳು ಡಬ್ಬಿ. ಹಿಂದೆ ಅಯಸ್ಕಾಂತ, ಒಳಗೆ ಬೆರಳಿನಷ್ಟು ಉದ್ದದ ಕಾಗದ. ಪುಟ್ಟ ಕುಣಿದಾಡಿದ. ಅಂದಿನಿಂದ ನಾವು ಜೋಡಿಯಾದೆವು.

ಆಮೇಲೆ ಎಂಥೆಂಥ ವೇಷ ಕಂಡೆವು! ಕೆರೆಯ ದಂಡೆಯಲ್ಲಿ ಒಂದು ಕಲ್ಲು, ಎತ್ತಿದರೆ ಹತ್ತಿಯಷ್ಟು ಹಗುರ. ಪೈನ್ ಮರದಲ್ಲಿ ತೂಗುತ್ತಿದ್ದ ಕಾಯಿಗಳಲ್ಲಿ ಒಂದರ ತೊಟ್ಟು ಮಾತ್ರ ತಂತಿಯದು. ಸೌದೆ ತುಂಡಿನ ಹೊಟ್ಟೆ ಕೊರೆದು, ಹಿಂದೆ ಕ್ಯಾಮೆರಾ ರೀಲು ಬರುತ್ತಿದ್ದ ಪ್ಲಾಸ್ಟಿಕ್ ಡಬ್ಬಿ ಕೂರಿಸಿ, ಮೇಲೆ ಪಾಚಿ ಅಂಟಿಸಿದ್ದರು. ಕಡ್ಡಿ ಹುಳು ಕಡ್ಡಿಯಂತೆ, ಎಲೆ ಹುಳು ಎಲೆಯಂತೆ ಕಾಣುತ್ತವಲ್ಲ, ಹಾಗೆ. ಸಕಲೇಶಪುರದ ಕಡೆ ಕಾಫಿ ಗಿಡಗಳ ನಡುವೆ ಬೆಳೆದ ನನಗೆ ಈ ಹುಳುಗಳೆಲ್ಲ ಗೊತ್ತು. ಪುಟ್ಟನಿಗೆ ಆ ಕಥೆಗಳನ್ನು ಹೇಳುತ್ತಾ ಹೋದೆ. ಅವನ ಕನ್ನಡ ಸುಧಾರಿಸಿತು, ನನ್ನ ಮಂಡಿನೋವು ಮರೆತುಹೋಯಿತು.

"ತಾತ, ನಾವೂ ಒಂದು ಬಚ್ಚಿಡೋಣ" ಅಂದ ಒಂದು ದಿನ.

ನನಗೆ ಅಷ್ಟು ಸಾಕಾಯಿತು. ಅಳಿಯಂದಿರ ಗ್ಯಾರೇಜಿನಲ್ಲಿ ಒಂದು ಪಿವಿಸಿ ಪೈಪಿನ ತುಂಡು ಬಿದ್ದಿತ್ತು. ಎರಡೂ ತುದಿಗೆ ಮುಚ್ಚಳ ಹಾಕಿ, ಬೂದು ಬಣ್ಣ ಬಳಿದು, ಥೇಟ್ ಕರೆಂಟಿನ ತಂತಿ ಹೋಗುವ ಕೊಳವೆಯಂತೆ ಮಾಡಿದೆ. ಕಾಲುದಾರಿಯ ತಿರುವಿನ ದೀಪದ ಕಂಬಕ್ಕೆ ಪಟ್ಟಿ ಹಾಕಿ ಬಿಗಿದೆ. "ಬಚ್ಚಿಡುವ ಜಾಗ ಯಾರದೋ ಅವರ ಒಪ್ಪಿಗೆ ಬೇಕು, ಆಮೇಲೆ ಆಟದ ಸ್ವಯಂಸೇವಕರು ಪರಿಶೀಲಿಸಿ ಪ್ರಕಟಿಸುತ್ತಾರೆ" ಎಂದು ಅಳಿಯಂದಿರು ಹೇಳಿದ್ದರು. ಮೊದಲು ಕೆಲಸ ಚೆನ್ನಾಗಿ ಆಗಲಿ, ಕೇಳುವುದು ಇದ್ದೇ ಇದೆ ಎಂದುಕೊಂಡೆ. ಸಂಜೆ ಮತ್ತೆ ಹೋಗಿ ಪಟ್ಟಿಯನ್ನು ಬಿಗಿ ಮಾಡುತ್ತಿದ್ದೆ. ಪುಟ್ಟ ಪಕ್ಕದಲ್ಲಿ ನಿಂತಿದ್ದ.

ಹಿಂದೆ ಒಂದು ಕಾರು ನಿಂತ ಸದ್ದು. ತಿರುಗಿದರೆ ಪೊಲೀಸು.

ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಕಂಬದಿಂದ ದೂರ ಬರಲು ಅವರು ಹೇಳಿದರು. ಬಂದೆ. ಏನು ಮಾಡುತ್ತಿದ್ದೀರಿ ಎಂದರು. ನನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತೂ ಗಂಟಲಲ್ಲೇ ಉಳಿದವು. ಕಾಲು ನಡುಗಿತು. ಪುಟ್ಟನೇ ಮುಂದೆ ಬಂದು, ಇವರು ನಮ್ಮ ತಾತ, ಇದು ಆಟದ ಡಬ್ಬಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಆ ಅಧಿಕಾರಿಗೆ ಆಟ ಗೊತ್ತಿತ್ತು. ಮೃದುವಾಗಿಯೇ ಮಾತಾಡಿದರು. ಯಾರೋ ಫೋನ್ ಮಾಡಿದ್ದರಂತೆ. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಕಂಬಕ್ಕೆ ಕಟ್ಟುವುದನ್ನು ಕಂಡರೆ ಜನರಿಗೆ ಬಾಂಬ್ ಎನ್ನಿಸುತ್ತದೆ, ತೆಗೆದುಬಿಡಿ ಎಂದರು. ತೆಗೆದೆ.

ರಾತ್ರಿ ಮಗಳ ಮುಖ ಬಿಳಿಚಿತ್ತು. "ಅಪ್ಪ, ಇದು ನಮ್ಮೂರಲ್ಲ. ನಿಮಗೆ ಏನಾದರೂ ಆಗಿದ್ದರೆ?" ಎಂದಳು. ಗದರಲಿಲ್ಲ, ಆದರೂ ನನಗೆ ಗದರಿದಂತೆಯೇ ಆಯಿತು. 31 ವರ್ಷ 'ಮೇಷ್ಟ್ರೇ' ಎನ್ನಿಸಿಕೊಂಡವನು ಮೊಮ್ಮಗನ ಎದುರಿಗೆ ಕಳ್ಳನಂತೆ ನಿಂತೆನಲ್ಲ ಎಂಬ ಅವಮಾನ. ಮೂರು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಪುಟ್ಟ ಕರೆದರೆ ಮಂಡಿನೋವು ಎಂದೆ.

ಮೂರನೆಯ ರಾತ್ರಿ ನೀರು ಕುಡಿಯಲು ಎದ್ದಾಗ ಪಕ್ಕದ ಕೋಣೆಯಲ್ಲಿ ಅವನು ಅಜ್ಜಿಯನ್ನು ಕೇಳುತ್ತಿದ್ದ: "ಅಜ್ಜಿ, ನಾನು ಆಟಕ್ಕೆ ಕರೆದಿದ್ದಕ್ಕೇ ಪೊಲೀಸ್ ಬಂದ್ರು. ಅದಕ್ಕೆ ತಾತ ಊರಿಗೆ ಹೋಗ್ಬಿಡ್ತಾರಾ?"

ನನ್ನ ಮಾನದ ಲೆಕ್ಕದಲ್ಲಿ ಮುಳುಗಿದ್ದ ನಾನು, ಆ ಮಗು ಮೂರು ದಿನದಿಂದ ಇದನ್ನು ಹೊತ್ತು ತಿರುಗುತ್ತಿದೆ ಎಂದು ಯೋಚಿಸಿರಲಿಲ್ಲ.

ಬೆಳಿಗ್ಗೆ ಅವನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದೆ. "ನೋಡು ಪುಟ್ಟ, ನಮ್ಮ ಐಟಿಐಯಲ್ಲಿ ಮೊದಲ ಪಾಠ ಏನು ಗೊತ್ತಾ? ಮೊದಲು ಡ್ರಾಯಿಂಗ್, ಆಮೇಲೆ ಕೆಲಸ. ಡ್ರಾಯಿಂಗ್ ಹಾಕದೆ ಅರ ಹಿಡಿದವನನ್ನು ನಾನು ಹೊರಗೆ ನಿಲ್ಲಿಸುತ್ತಿದ್ದೆ. ಈ ಸಲ ನಾನೇ ಡ್ರಾಯಿಂಗ್ ಹಾಕಲಿಲ್ಲ. ಜಾಗ ಯಾರದು, ನೋಡಿದವರಿಗೆ ಏನನ್ನಿಸುತ್ತದೆ, ಅದನ್ನು ಯೋಚಿಸಲಿಲ್ಲ. ತಪ್ಪು ನನ್ನದು, ನಿನ್ನದಲ್ಲ" ಎಂದೆ. ಅವನು ಏನೂ ಹೇಳದೆ ಬಂದು ನನ್ನ ಸೊಂಟ ತಬ್ಬಿಕೊಂಡ.

ಆ ಭಾನುವಾರ ಅಳಿಯಂದಿರು ನಮ್ಮನ್ನು ಬೀವರ್‌ಕ್ರೀಕ್ ಎಂಬಲ್ಲಿಗೆ ಕರೆದೊಯ್ದರು. ಆಟ ಹುಟ್ಟಿದ ಜಾಗ ಅದೇ. ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಅಮೆರಿಕ ಸರ್ಕಾರ ಮೊದಲು ಬೇಕೆಂದೇ ಸ್ವಲ್ಪ ತಪ್ಪು ಬೆರೆಸುತ್ತಿತ್ತು. ಸೇನೆಗೆ ಸಿಗುವಷ್ಟು ನಿಖರತೆ ಜನಸಾಮಾನ್ಯರಿಗೆ ಸಿಗದಿರಲಿ ಎಂದು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಮೇ 3ರಂದೇ ಡೇವ್ ಅಲ್ಮರ್ ಎಂಬುವರು ಅಲ್ಲಿನ ಕಾಡಿನಂಚಿನಲ್ಲಿ ಒಂದು ಕಪ್ಪು ಬಕೆಟ್ಟನ್ನು ಇಟ್ಟು, ಜಾಗದ ಅಂಕಿಗಳನ್ನು ಪ್ರಕಟಿಸಿದರು. ಒಳಗೆ ಪುಸ್ತಕ, ಸ್ವಲ್ಪ ದುಡ್ಡು, ಒಂದು ಕವಣೆ, ಬೀನ್ಸ್ ತುಂಬಿದ ತಗಡಿನ ಡಬ್ಬ ಇತ್ಯಾದಿ. ಕೆಲವೇ ದಿನಗಳಲ್ಲಿ ಅದನ್ನು ಹುಡುಕಿದವರೂ ಬಂದರು. ಈಗ ಅಲ್ಲಿ ಬಕೆಟ್ ಇಲ್ಲ, ನೆನಪಿನ ಫಲಕವೊಂದಿದೆ. ತಿಂಡಿ ಪದಾರ್ಥ ಇಡುವುದನ್ನು ಈಗ ನಿಷೇಧಿಸಿದ್ದಾರೆ. ಪ್ರಾಣಿಗಳು ವಾಸನೆ ಹಿಡಿದು ಬಂದು ಡಬ್ಬಿ ಕಚ್ಚಿ ಹಾಕುತ್ತವೆ.

ಫಲಕದ ಮುಂದೆ ನಿಂತು ಪುಟ್ಟ ಕೇಳಿದ: "ತಾತ, ಮೊದಲನೇದಕ್ಕೆ ವೇಷವೇ ಇರಲಿಲ್ಲವಾ? ಬರೀ ಬಕೆಟ್ಟಾ?"

"ಬರೀ ಬಕೆಟ್ಟು" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಅಮ್ಮ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದು ಯಾರಿಗೂ ಸಿಗಬಾರದೆಂದು. ಇಲ್ಲಿ ಬಚ್ಚಿಡುವುದು ಸಿಗಲಿ ಎಂದೇ. ವೇಷ ಹುಡುಕುವವರನ್ನು ಆಡಿಸಬೇಕು, ದಾರಿಹೋಕರನ್ನು ಹೆದರಿಸಬಾರದು.

ಈ ಸಲ ಡ್ರಾಯಿಂಗಿನಿಂದಲೇ ಶುರು ಮಾಡಿದೆವು. ಪುಟ್ಟ ಕಾಗದದಲ್ಲಿ ಬರೆದ ಮೊದಲ ಸಾಲು, 'ಯಾರನ್ನು ಕೇಳಬೇಕು?' ಎರಡು ಮನೆ ಆಚೆ ಒಬ್ಬ ವೃದ್ಧೆ ಒಂಟಿಯಾಗಿದ್ದರು. ಅವರ ಬೇಲಿ ಕಾಲುದಾರಿಗೆ ತಾಗಿಕೊಂಡಿತ್ತು. ಮಗಳು, ಪುಟ್ಟ, ನಾನು ಮೂವರೂ ಹೋಗಿ ಕೇಳಿದೆವು. ಬೇಲಿಯ ಕಂಬಕ್ಕೆ ಒಂದು ಹಕ್ಕಿಮನೆ ಹಾಕುತ್ತೇವೆ, ಮಕ್ಕಳು ಬಂದು ನೋಡುತ್ತಾರೆ ಎಂದೆವು. ಅವರು ಸಂತೋಷದಿಂದ ಒಪ್ಪಿದರು. ಅಂದು ಪೊಲೀಸರಿಗೆ ಫೋನ್ ಮಾಡಿದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಮಾಡುತ್ತಿದ್ದೆನೇನೋ.

ಸೀಡರ್ ಮರದ ಹಲಗೆ ತಂದೆವು. ಹಕ್ಕಿಮನೆಯ ತೂತು ನಿಜವಾದದ್ದಲ್ಲ. ನಿಜವಾಗಿದ್ದರೆ ಹಕ್ಕಿ ಗೂಡು ಕಟ್ಟಿಬಿಡುತ್ತದೆ, ಜನ ತೆರೆಯುವಾಗ ಮೊಟ್ಟೆಗೆ ಅಪಾಯ. ಆದ್ದರಿಂದ ತೂತಿನ ಜಾಗಕ್ಕೆ ಕಪ್ಪು ಬಣ್ಣದ ವೃತ್ತ. ಅದರ ಕೆಳಗೆ ಹಕ್ಕಿ ಕೂರಲು ಇರುವಂಥ ಒಂದು ಗೂಟ. ಅದನ್ನು ಅರ್ಧ ಸುತ್ತು ತಿರುಗಿಸಿದರೆ ತಳದ ಹಲಗೆ ಜಾರಿ, ಒಳಗಿನ ಡಬ್ಬಿ ಕೈಗೆ ಬರುತ್ತದೆ. ಗೂಟವನ್ನು ಪುಟ್ಟನೇ ಅರದಿಂದ ಉಜ್ಜಿದ. ಮೊದಲ ಎರಡು ಕೆಟ್ಟವು, ಮೂರನೆಯದು ಸರಿಯಾಗಿ ಕೂತಿತು. ಒಳಗೆ ರಬ್ಬರ್ ಪಟ್ಟಿ ಇರುವ ಊಟದ ಡಬ್ಬಿ. ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆಂದು ಪೆನ್ಸಿಲ್. ಮಲೆನಾಡಿನ ಮಳೆಯಲ್ಲಿ ಬೆಳೆದವನು ನಾನು, ಇಡೀ ಪೆಟ್ಟಿಗೆಯ ಮೇಲೆ ಎರಡು ಬಕೆಟ್ ನೀರು ಸುರಿದು ನೋಡಿದೆ. ಒಳಗೆ ಕಾಗದ ಒಣಗಿಯೇ ಇತ್ತು. ಡಬ್ಬಿಯ ಮೇಲೆ 'ಇದು ಆಟದ ಡಬ್ಬಿ, ಅಪಾಯವಿಲ್ಲ' ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದೆವು. ಮರಕ್ಕೆ ಮೊಳೆ ಹೊಡೆಯಬಾರದೆಂಬುದು ಆಟದ ನಿಯಮ, ಹಾಗಾಗಿ ಬೇಲಿಯ ಕಂಬವೇ ಆಸರೆ.

ಎಷ್ಟು ಕಷ್ಟದ ಡಬ್ಬಿ ಎಂದು 1ರಿಂದ 5ರವರೆಗೆ ಅಂಕ ಕೊಡಬೇಕು. ಪುಟ್ಟ ಐದೇ ಬೇಕೆಂದು ಹಟ ಹಿಡಿದ. ಪರೀಕ್ಷೆಗೆ ಅಜ್ಜಿಯನ್ನು ಕಳಿಸಿದೆವು. ಅವಳು ಎರಡು ನಿಮಿಷದಲ್ಲಿ ಹಕ್ಕಿಮನೆಯ ಮುಂದೆ ನಿಂತಳು.

"ಹೇಗೆ ಗೊತ್ತಾಯ್ತು ಅಜ್ಜಿ?"

"ಹಕ್ಕಿಮನೆ ಅಂತೀರಿ, ಕೆಳಗೆ ಒಂದು ಹಿಕ್ಕೆಯೂ ಇಲ್ಲ, ಒಂದು ಪುಕ್ಕವೂ ಇಲ್ಲ. ದಿನಾ ಅಂಗಳ ಗುಡಿಸೋರ ಕಣ್ಣಿಗೆ ಬೀಳದೆ ಇರುತ್ತಾ?"

ನನ್ನ 31 ವರ್ಷದ ಅನುಭವಕ್ಕೆ ಸಿಕ್ಕ ಅಂಕ ಎರಡು.

ಒಪ್ಪಿಗೆ ಬಂದು ಪ್ರಕಟವಾದ ದಿನ ನಾವು ಮೂವರೂ ಕಿಟಕಿಯ ಪರದೆ ಸರಿಸಿ ಕಾದೆವು. ಸಂಜೆ ಒಬ್ಬ ತಾಯಿ ಇಬ್ಬರು ಮಕ್ಕಳೊಂದಿಗೆ ಬಂದರು. ಬೇಲಿ ನೋಡಿದರು, ಹುಲ್ಲು ಕೆದಕಿದರು, ಎರಡು ಸಲ ಹಕ್ಕಿಮನೆಯ ಮುಂದೆಯೇ ಹಾದು ಹೋದರು. ಕೊನೆಗೆ ಚಿಕ್ಕ ಹುಡುಗಿ ಗೂಟ ತಿರುಗಿಸಿದಳು. ಅವಳ ಕೂಗು ನಮ್ಮ ಮನೆಯವರೆಗೂ ಕೇಳಿಸಿತು. ಪುಟ್ಟ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ಅಂದಿನಿಂದ ಆ ವೃದ್ಧೆಯೂ ಸಂಜೆ ಹೊತ್ತು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಹುಡುಕುವವರಿಗೆ ಸುಳಿವು ಮಾತ್ರ ಕೊಡುತ್ತಿರಲಿಲ್ಲವಂತೆ.

ಮಕ್ಕಳೇ, ಈ ಆಟಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಅಜ್ಜನ ಮನೆಯ ಹಿತ್ತಲು ಸಾಕು. ಒಡೆದ ತೆಂಗಿನ ಚಿಪ್ಪು, ಖಾಲಿ ಹೂಕುಂಡ, ಹಳೆಯ ಬೀಗ, ಯಾವುದರೊಳಗೆ ಬೇಕಾದರೂ ಒಂದು ಚೀಟಿ ಬಚ್ಚಿಡಿ. ಮನೆಯವರನ್ನು ಕೇಳಿ ಇಡಿ, ರಸ್ತೆಯಲ್ಲಿ, ಬಸ್ ನಿಲ್ದಾಣದಲ್ಲಿ ಇಡಬೇಡಿ. ಹುಡುಕಲು ಅಜ್ಜ ಅಜ್ಜಿಯರನ್ನು ಕರೆಯಿರಿ. ಮಂಡಿನೋವು ಎಂದರೆ ನಂಬಬೇಡಿ.

ನಾವು ಅಕ್ಟೋಬರಿನಲ್ಲಿ ಹಾಸನಕ್ಕೆ ಮರಳಿದೆವು. ಬರುವಾಗ ಅಲ್ಲಿ ಕೊಂಡಿದ್ದ ಅರವನ್ನು ಪುಟ್ಟನಿಗೆ ಕೊಟ್ಟು ಬಂದೆ. ಈಗ ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ, ಆ ವಾರ ಯಾರು ಯಾರು ಸಹಿ ಹಾಕಿದರೆಂದು ಓದಿ ಹೇಳುತ್ತಾನೆ. ಹೋದ ವಾರ ಓದುವ ಮುಂಚೆ ಒಂದು ಕಾಗದ ಎತ್ತಿ ತೋರಿಸಿದ. ಚಳಿಗಾಲದ ಮಳೆಗೆ ಮರ ಉಬ್ಬಿ ಗೂಟ ತಿರುಗುತ್ತಿರಲಿಲ್ಲವಂತೆ.

"ನಾನೇ ಉಜ್ಜಿ ಸರಿ ಮಾಡಿದೆ ತಾತ. ಆದ್ರೆ ಮೊದಲು ಡ್ರಾಯಿಂಗ್ ಹಾಕ್ದೆ, ನೋಡು."

ಕನ್ನಡಕ ಹಾಕಿಕೊಂಡು ನೋಡಿದೆ. ಅಳತೆಗಳೆಲ್ಲ ಸರಿಯಾಗಿದ್ದವು.