ಕುಂಬಳಕಾಯಿ ಒಂದು ಸಾರಿ…

ಸಂತೋಷದ ಬಗ್ಗೆ ಪ್ರಸಂಗ ಮಾಡುವ ಅಯ್ಯನವರ ಮುಖವನ್ನು ನೋಡಬೇಕು. ಯಾರೋ ತೀರಿಕೊಂಡ ಸುದ್ದಿ ತಿಳಿಸಲು ಬಂದವರ ಹಾಗಿರುತ್ತದೆ. ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದ ತುಂಬ ಹರ್ಷದ ಮಾತೇ ಇದೆ ಎಂದು ಅವರು ವಿವರಿಸುತ್ತಿದ್ದರೆ, ಸೆರೆಯಲ್ಲಿರುವುದು ಪೌಲನೋ ನಾವೋ ಎಂದು ಅನುಮಾನವಾಗುತ್ತದೆ. ಅವರೊಬ್ಬರನ್ನೇ ಅಂದು ಏನು ಪ್ರಯೋಜನ? ಬೆಂಚಿನ ಮೇಲಿನ ನಾವೂ ಇಸ್ತ್ರಿ ಬಟ್ಟೆಯ ಜೊತೆಗೆ ಇಸ್ತ್ರಿ ಮಾಡಿದ ಮುಖವನ್ನು ಹಾಕಿಕೊಂಡೇ ಬಂದಿರುತ್ತೇವೆ. ನಕ್ಕರೆ ಎಲ್ಲಿ ಮಡಿಕೆ ಬೀಳುತ್ತದೋ ಎಂಬ ಭಯ.

ನಾವು ಮಂಚೇನಹಳ್ಳಿ ಕಡೆಯವರು. ಈಗ ಅದು ತಾಲ್ಲೂಕು, ಆಗ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಪ್ರಾರ್ಥನೆಯೂ ಕನ್ನಡ. ಕರ್ತನಿಗೆ ತೆಲುಗು ಬರುವುದಿಲ್ಲವೇನೋ ಎಂದು ಚಿಕ್ಕಂದಿನಲ್ಲಿ ನಾನು ಅಂದುಕೊಂಡಿದ್ದುಂಟು. ದೊಡ್ಡ ಹಬ್ಬಗಳಿಗೆ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ಲಂಡನ್ ಮಿಷನ್‌ನವರು ಕಟ್ಟಿಸಿದ್ದ, ಆಮೇಲೆ ಸಿ.ಎಸ್.ಐ. ಆದ ಆಸ್ಪತ್ರೆಯಲ್ಲಿ ನಮ್ಮ ದೊಡ್ಡಪ್ಪ ಕಾಂಪೌಂಡರ್. ಮಿಕ್ಸ್ಚರ್ ಬಾಟಲಿಗೆ ಚೀಟಿ ಅಂಟಿಸುವಾಗಿನ ಗಾಂಭೀರ್ಯವನ್ನು ಊಟ, ನಿದ್ದೆ, ಮದುವೆ ಮನೆ ಎಲ್ಲೆಡೆಗೂ ಕೊಂಡೊಯ್ಯುತ್ತಿದ್ದ ಮನುಷ್ಯ.

ಹಾಡಿನ ವಿಷಯಕ್ಕೆ ಬಂದರೂ ಅಷ್ಟೇ. ಸೀಮೆಯಿಂದ ಬಂದ ರಾಗಗಳಿಗೆ ಕನ್ನಡದ ಮಾತು ಹೊಂದಿಸಿ ಎಳೆದೆಳೆದು ಹಾಡುವುದರಲ್ಲಿ ನಾವು ನಿಸ್ಸೀಮರು. ನಾಲ್ಕು ಚರಣ ಮುಗಿಯುವಷ್ಟರಲ್ಲಿ ಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಬೇಳೆ ಬೆಂದು ತಳ ಹಿಡಿದಿರುತ್ತಿತ್ತು. ನಿಘಂಟಿನ ಕಿಟೆಲ್ ಸಾಹೇಬರಿಗೆ ಈ ಕಷ್ಟ ಅಂದೇ ಗೊತ್ತಾಗಿರಬೇಕು. 1894ರ ನಿಘಂಟಿಗಿಂತ ಎಷ್ಟೋ ಮೊದಲು, 1862ರಲ್ಲೇ, ಅವರು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ಕೂರಿಸಿ ‘ಕಥಾಮಾಲೆ’ ಬರೆದರು. ಜರ್ಮನಿಯವರಿಗೆ ಹೊಳೆದದ್ದು ನಮ್ಮ ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. ತಾಳ ಬಿದ್ದರೆ ಭಕ್ತಿ ಕಡಿಮೆಯಾಗುತ್ತದೆ ಎಂದೇ ಅವರ ನಂಬಿಕೆ. ಹುಡುಗರು ಡೋಲಕ್ ತಂದ ದಿನ ಅಜ್ಜಿಯೊಬ್ಬರು “ಏನಯ್ಯಾ, ಜಾತ್ರೆ ಮಾಡ್ತಿದ್ದೀರಾ?” ಎಂದು ಎದ್ದು ಹೊರಟೇಬಿಟ್ಟರು. ದಾವೀದ ಅರಸ ಮಂಜೂಷದ ಮುಂದೆ ಕುಣಿದದ್ದನ್ನು ಕಿಟಕಿಯಿಂದ ನೋಡಿ ಅವನ ಹೆಂಡತಿ ಮೀಕಲಳು ಮೂತಿ ತಿರುವಿದಳಲ್ಲ, ಅವಳಿಗೆ ಮಕ್ಕಳಾಗಲಿಲ್ಲ ಎನ್ನುತ್ತದೆ ಬೈಬಲ್. ಆದರೂ ಅವಳ ವಂಶದವರು ಪ್ರತಿ ಸಭೆಯಲ್ಲೂ ಕಿಟಕಿ ಪಕ್ಕದಲ್ಲೇ ಜಾಗ ಹಿಡಿದಿರುವುದು ಹೇಗೋ!

ವರ್ಷಕ್ಕೊಂದು ಭಾನುವಾರ ಮಾತ್ರ ಈ ಇಸ್ತ್ರಿಯೆಲ್ಲ ಮುದುರಿ ಹೋಗುತ್ತಿತ್ತು. ಅದು ಸುಗ್ಗಿ ಹಬ್ಬ, ಬೆಳೆದದ್ದರಲ್ಲಿ ಒಂದಿಷ್ಟನ್ನು ಕರ್ತನ ಮುಂದೆ ತಂದಿಡುವ ದಿನ. ಕಂಬಕ್ಕೆ ಕಬ್ಬು, ಕಟಕಟೆಗೆ ರಾಗಿ ತೆನೆ, ಮೆಟ್ಟಿಲ ಮೇಲೆ ಅವರೆಕಾಯಿ, ಕಡಲೆಕಾಯಿ, ದ್ರಾಕ್ಷಿ ಬುಟ್ಟಿ, ಮಾರು ಮಾರು ಸೇವಂತಿಗೆ. ಶಿಡ್ಲಘಟ್ಟ ಕಡೆಯವರು ಯಾರೋ ಒಂದು ಸಲ ಒಂದು ತಟ್ಟೆ ರೇಷ್ಮೆಗೂಡು ತಂದಿಟ್ಟಿದ್ದರು.

ನಮ್ಮ ಮನೆಯದು ಹುಂಜ. ವೈರ್ ಬ್ಯಾಗಿನಲ್ಲಿ ತಲೆ ಮಾತ್ರ ಹೊರಗೆ ಕಾಣುವಂತೆ ಕೂರಿಸಿಕೊಂಡು ಅಮ್ಮ ಬಸ್ಸು ಹತ್ತುತ್ತಿದ್ದಳು.

“ಕೋಳಿಗೆ ಲಗೇಜ್ ಆಗುತ್ತಮ್ಮಾ.”

“ದೇವರ ಕೋಳಿ ಕಣಪ್ಪಾ.”

ಯಾವ ದೇವರು ಎಂದು ಕಂಡಕ್ಟರು ಕೇಳುತ್ತಿರಲಿಲ್ಲ. ಆ ದಾರಿಯಲ್ಲಿ ದೇವರ ಕೋಳಿಗಳ ಪ್ರಯಾಣ ಹೊಸದೇನಲ್ಲ.

ಪ್ರಸಂಗದ ನಡುವೆ ಆ ಹುಂಜ ಕೂಗಿದರೆ ಸಭೆಗೆ ಸಭೆಯೇ ಬೆಚ್ಚುತ್ತಿತ್ತು. ಪೇತ್ರನು ಮೂರು ಸಾರಿ ಸುಳ್ಳಾಡಿದ ಮೇಲೆ ಕೂಗಿದ ಕೋಳಿಯ ಕಥೆ ಎಲ್ಲರಿಗೂ ಬಾಯಿಪಾಠ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಗೆ ಕುಂಬಳಕಾಯಿ ಸಮೇತ ಪುರಾವೆ ಅಲ್ಲಿ ಸಿಗುತ್ತಿತ್ತು.

ಆಶೀರ್ವಾದ ಮುಗಿದ ಕೂಡಲೇ ಹರಾಜು. ಕೂಗುವವರು ನಮ್ಮ ದೊಡ್ಡಪ್ಪ! ಕೋಟು ಬಿಚ್ಚಿ ದೊಡ್ಡಮ್ಮನ ಕೈಗೆ ಕೊಟ್ಟು, ತೋಳು ಮಡಚಿ, ಬೆಂಚಿನ ಮೇಲೆ ಹತ್ತಿದರೆಂದರೆ ಮನುಷ್ಯನೇ ಬೇರೆ. ಒಂದು ಬದನೆಕಾಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅದರ ತೊಟ್ಟಿನ ಮುಳ್ಳು ಚುಚ್ಚಿತೆಂದು ಬೆರಳು ಚೀಪಿ, “ಇದು ಏದೆನ್ ತೋಟದ್ದು, ಸರ್ಪ ಮುಟ್ಟಿಲ್ಲ, ಗ್ಯಾರಂಟಿ” ಎನ್ನುತ್ತಿದ್ದರು. ಹತ್ತು ರೂಪಾಯಿ, ಇಪ್ಪತ್ತು, ಐವತ್ತು. ಶುರುವಿನಲ್ಲಿ ಶುದ್ಧ ಕನ್ನಡ. ಬೆಲೆ ಏರಿದಂತೆ ನಾಲಗೆ ಸಡಿಲವಾಗಿ “ಒಕಟೋ ಸಾರಿ… ರೆಂಡೋ ಸಾರಿ…” ಎಂದು ತೆಲುಗಿಗೆ ಇಳಿಯುತ್ತಿತ್ತು. ಭಕ್ತಿ ಕನ್ನಡದಲ್ಲಿ, ಲೆಕ್ಕಪತ್ರ ಇಂಗ್ಲಿಷಿನಲ್ಲಿ, ಖುಷಿ ಮಾತ್ರ ಮನೆಯ ಮಾತಿನಲ್ಲಿ.

ಕೊಂಡವರು ಕೊಂಡದ್ದನ್ನು ಒಯ್ಯುತ್ತಿರಲಿಲ್ಲ, ಅದೇ ತಮಾಷೆ. ದುಡ್ಡು ಕೊಟ್ಟು, ಕುಂಬಳಕಾಯನ್ನು ಎರಡು ಕೈಯಲ್ಲಿ ಎತ್ತಿ ಸಭೆಗೆ ತೋರಿಸಿ, ತಿರುಗಿ ಮೆಟ್ಟಿಲ ಮೇಲಿಡುವುದು. ಮತ್ತೆ ಹರಾಜು. ಒಂದೇ ಕಾಯಿ ಐದಾರು ಮನೆಯವರದಾಗಿ, ಮಧ್ಯಾಹ್ನದ ಸಾಂಬಾರಿಗೆ ಬೀಳುವ ಹೊತ್ತಿಗೆ ನಮ್ಮ ಹುಂಜಕ್ಕಿಂತ ದುಬಾರಿಯಾಗಿರುತ್ತಿತ್ತು. ಕಾಣಿಕೆ ತಟ್ಟೆ ಬಂದಾಗ ಜೇಬಿನಲ್ಲಿ ನಾಣ್ಯ ಹುಡುಕುವ ಮಹನೀಯರು ಹೀರೇಕಾಯಿಗೆ ನೂರರ ನೋಟು ಎಸೆದು ಗಹಗಹಿಸುತ್ತಿದ್ದರು. ಡೋಲಕ್ಕಿಗೆ ಮುನಿದಿದ್ದ ಅಜ್ಜಿ ಬೆಂಚಿನ ಮೇಲೇ ನಿಂತು “ನಂದು ಇನ್ನೂ ಹತ್ತು!” ಎಂದು ಕೂಗಿದ್ದನ್ನು ನಾನೇ ನೋಡಿದ್ದೇನೆ. ಅಂದು ಯಾರಿಗೂ ಸಂತೋಷಪಡಿ ಎಂದು ಹೇಳಿಕೊಡಬೇಕಾಗಿರಲಿಲ್ಲ.

ಈ ಹಬ್ಬವನ್ನು 1843ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲ ದಂಡೆಯ ಮಾರ್ವೆನ್‌ಸ್ಟೋ ಎಂಬಲ್ಲಿ ಈಗಿನ ರೂಪಕ್ಕೆ ತಂದವರು ರಾಬರ್ಟ್ ಹಾಕರ್ ಎಂಬ ಪಾದ್ರಿ. (ಅದೇ ವರ್ಷ ಮಂಗಳೂರಿನಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಒಳ್ಳೆಯ ವರ್ಷವಿರಬೇಕು.) ಹಾಕರ್ ಹರೆಯದಲ್ಲಿ ಮತ್ಸ್ಯಕನ್ಯೆಯ ವೇಷ ತೊಟ್ಟು, ಬೆಳದಿಂಗಳಲ್ಲಿ ಕಡಲ ಬಂಡೆಯ ಮೇಲೆ ಹಾಡುತ್ತಾ ಕೂತು ಊರವರನ್ನು ಮಂಗ ಮಾಡಿದ್ದರೆಂಬ ಕಥೆಯಿದೆ. ಅಂಥವರು ಚಿಕ್ಕಬಳ್ಳಾಪುರಕ್ಕೆ ಬಂದಿದ್ದರೆ ದೊಡ್ಡಪ್ಪನ ಪಕ್ಕದಲ್ಲೇ ಬೆಂಚು ಹತ್ತುತ್ತಿದ್ದರೆಂದು ನನ್ನ ಎಣಿಕೆ.

ದೊಡ್ಡಪ್ಪ ಈಗಿಲ್ಲ. ಹುಂಜಗಳೂ ಇಲ್ಲ. ಹೊಲವಿದ್ದವರ ಮಕ್ಕಳು ಬೆಂಗಳೂರಿನಲ್ಲಿ ಫ್ಲಾಟಿನಲ್ಲಿದ್ದಾರೆ. ಹಿಂದಿನ ಸಂಜೆ ಮಾರ್ಕೆಟ್ಟಿನಿಂದ ತಂದ ತರಕಾರಿಗೆ ಪ್ಲಾಸ್ಟಿಕ್ ಕವರು ಬಿಚ್ಚಿರುವುದಿಲ್ಲ, ಕೆಲವಕ್ಕೆ ಬೆಲೆಯ ಚೀಟಿಯೂ ಅಂಟಿಕೊಂಡಿರುತ್ತದೆ. ಕಟಕಟೆಯ ಪಕ್ಕ ಫೋನ್‌ಪೇ ಬೋರ್ಡು. ಹರಾಜು ಕೂಗುವವನು ದೊಡ್ಡಪ್ಪನ ಮಗ, ಬ್ಯಾಂಕಿನವನು. ಕನ್ನಡ ಬಿಟ್ಟು ಇಳಿಯುವುದಿಲ್ಲ, ಸರ್ಪದ ಸುದ್ದಿಯನ್ನೂ ಎತ್ತುವುದಿಲ್ಲ. ಸಪ್ಪೆಯಾಯಿತು ಎಂದು ನಾನು ವರ್ಷವರ್ಷವೂ ಗೊಣಗುತ್ತೇನೆ, ವರ್ಷವರ್ಷವೂ ಹೋಗುತ್ತೇನೆ.

ಹೋದ ಸಲ ಕುಂಬಳಕಾಯಿಗೆ ಡಲ್ಲಾಸ್‌ನಿಂದ ವಾಟ್ಸಾಪಿನಲ್ಲಿ ಬೇಡಿಕೆ ಬಂತು. ಫೋನಿನ ಆ ಕಡೆ ಇದ್ದವನು ನಮ್ಮ ಅಕ್ಕನ ಮಗ, ಫೋನು ಹಿಡಿದಿದ್ದವನು ನನ್ನ ಮಗ. ಮೈಕಿನಲ್ಲಿ “ಅಮೆರಿಕದಿಂದ ಎರಡು ಸಾವಿರ” ಎಂದಷ್ಟೇ ಕೇಳಿತು. ಮುಂದಿನ ಬೆಂಚಿನಲ್ಲಿದ್ದ ಅಕ್ಕನಿಗೆ ರೇಗಿತು. “ಯಾವನೋ ಅವನು ದುಡ್ಡಿನ ಮದದೋನು? ಎರಡೂವರೆ!” ಆ ಕಡೆಯವನು ಮೂರು ಅಂದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. ಹಿಂದಿನ ಬೆಂಚಿನವರಿಗೆಲ್ಲ ವಿಷಯ ಗೊತ್ತಾಗಿ ಕರ್ಚೀಫು ಬಾಯಿಗೆ ಹೋಗಿತ್ತು. ಹೇಳಿಬಿಡೋಣವೇ ಎಂದು ನಾನು ಖಜಾಂಚಿಯವರ ಕಡೆ ನೋಡಿದೆ. ಸೋರುವ ಚಾವಣಿಯ ರಿಪೇರಿ ಅವರ ತಲೆಯ ಮೇಲಿತ್ತು. ಅವರು ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿದ್ದರು. ಅಕ್ಕ ಮೂರೂವರೆ ಅಂದಳು.