ನಳಿಕೆಯಲ್ಲಿ ಇಪ್ಪತ್ತು ನಿಮಿಷ

ಆಷಾಢದ ಜಿಟಿಜಿಟಿ ಮಳೆ. ಸವಣೂರಿನ ಸರಕಾರಿ ಆಸ್ಪತ್ರೆಯ ಬಾಗಿಲಿಗೆ ಟಂಟಂ ಬಂದು ನಿಲ್ಲುತ್ತದೆ. ಗೋವಿನಜೋಳದ ಹೊಲದಿಂದ ನೇರ ಎತ್ತಿಕೊಂಡು ಬಂದಿದ್ದಾರೆ. ಹುಡುಗನ ಕಾಲಿನ ಕೆಸರು ಹಸಿಯಾಗಿಯೇ ಇದೆ, ಹಿಮ್ಮಡಿ ಊದಿದೆ. "ಕಣ್ಣಾರೆ ನೋಡೇನ್ರಿ, ಕೊಳಕಮಂಡಲನ ಐತಿ" ಎನ್ನುತ್ತಾನೆ ಅಣ್ಣ.

ಡಾಕ್ಟರು ಎರಡು ಮಿಲಿ ರಕ್ತ ತೆಗೆದು ಒಣ ಗಾಜಿನ ನಳಿಕೆಗೆ ಬಿಟ್ಟು ಗಡಿಯಾರ ನೋಡುತ್ತಾರೆ. ಇಪ್ಪತ್ತು ನಿಮಿಷ ಅದನ್ನು ಯಾರೂ ಅಲುಗಿಸುವಂತಿಲ್ಲ. ಗೋಡೆಗೆ ಒರಗಿ ನೀವೂ ಕಾಯುತ್ತೀರಿ.

ಕಾಯುವಾಗ ತಲೆ ಎಲ್ಲೆಲ್ಲೋ ಹೋಗುತ್ತದೆ. 2000ರಿಂದ 2019ರವರೆಗೆ ಹಾವು ಕಚ್ಚಿ ಈ ದೇಶದಲ್ಲಿ ಸತ್ತವರು ಸುಮಾರು ಹನ್ನೆರಡು ಲಕ್ಷ, ಬಹುತೇಕ ಹಳ್ಳಿಯವರು. ಇಂಥವರಿಗಾಗಿ ಹೊಸ ಮದ್ದು ಹುಡುಕಲು ಯಾವ ಕಂಪನಿ ದುಡ್ಡು ಸುರಿದೀತು? ಆಫ್ರಿಕಾಕ್ಕೆಂದೇ ತಯಾರಿಸುತ್ತಿದ್ದ ಫ್ಯಾವ್-ಆಫ್ರಿಕ್ ಎಂಬ ಹಾವಿನ ಮದ್ದನ್ನು ಫ್ರಾನ್ಸಿನ ಸನೋಫಿ 2014ರಲ್ಲಿ ನಿಲ್ಲಿಸಿಬಿಟ್ಟಿತು. ಬೈಯುವುದು ಸುಲಭ. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, ಘಾನಾದ ಹಳ್ಳಿಗಾಡಿನಲ್ಲಿ ಅದರ ಬದಲು ಭಾರತದ ಒಂದು ಮದ್ದು ಬಳಕೆಗೆ ಬಂದಾಗ, ಸಾವು ನೂರಕ್ಕೆ 1.8ರಿಂದ 12.1ಕ್ಕೆ ಏರಿತ್ತು. ಅಲ್ಲಿ ಬಡದೇಶಕ್ಕೆ ಸರಕು ಮಾರಿದ ಸಾಹುಕಾರರು ನಾವೇ!

ಹೊತ್ತಾಯಿತು. ನಳಿಕೆ ವಾಲಿಸುತ್ತಾರೆ. ರಕ್ತ ಸರ್ರನೆ ಹರಿಯುತ್ತದೆ, ಹೆಪ್ಪುಗಟ್ಟಿಲ್ಲ. ಮಂಡಲದ್ದೇ ವಿಷ.

ಹತ್ತು ಬಾಟಲಿ ಹೊರಬರುತ್ತವೆ. ಒಳಗೆ ಬಿಳಿ ಪುಡಿ, ವಿಷ ಚುಚ್ಚಿಸಿಕೊಂಡ ಕುದುರೆಯ ರಕ್ತದಿಂದ ತೆಗೆದದ್ದು. ನರ್ಸಮ್ಮ 10 ಮಿಲಿ ನೀರು ಹಾಕಿ, ಕುಲುಕಿದರೆ ನೊರೆ ಏಳುತ್ತದೆಂದು ಅಂಗೈಯಲ್ಲಿ ಮೆಲ್ಲಗೆ ಹೊರಳಿಸುತ್ತಾರೆ. ಒಂದೊಂದೂ ಕರಗಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ. ಮೈಗೆ ಒಗ್ಗದಿದ್ದರೆಂದು ಪಕ್ಕದಲ್ಲೇ ಅಡ್ರಿನಲಿನ್ ತುಂಬಿದ ಸಿರಿಂಜು.

"ರೊಕ್ಕ ಎಷ್ಟ್ರೀ ಇದಕ್ಕ?"

"ಏನಿಲ್ಲ, ಸರಕಾರದ್ದು."

ಹೌದು, ಸರಕಾರದ್ದು, ಟೆಂಡರಿನಲ್ಲಿ ಅಗ್ಗದ ದರಕ್ಕೆ ಕೊಂಡದ್ದು. ಇದನ್ನು ತಯಾರಿಸುವ ಕಂಪನಿಗಳು ವಿಷ ತರಿಸುವುದು ಬಹುಪಾಲು ಚೆನ್ನೈ ಸಮೀಪದ ವಡನೆಮ್ಮೇಲಿಯಿಂದ, 1978ರಲ್ಲಿ ಶುರುವಾದ, ಹಾವು ಹಿಡಿಯುವ ಇರುಳರ ಸಹಕಾರ ಸಂಘದಿಂದ. ಸೀಮೆ ಬದಲಾದರೆ ಅದೇ ಜಾತಿಯ ಹಾವಿನ ವಿಷವೂ ಬದಲಾಗುತ್ತದೆ, ಒಂದೇ ಮದ್ದು ಎಲ್ಲ ಕಡೆ ಒಂದೇ ಸಮ ನಾಟುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆದರೂ ನಾಡಿಗೆಲ್ಲ ಒಂದೇ ಬಾಟಲಿ.

ಖಾಲಿಯಾದ ಒಂದನ್ನು ಎತ್ತಿ ಓದುತ್ತೀರಿ: ಒಂದು ಮಿಲಿ ಮದ್ದು ಅಡಗಿಸುವುದು ನಾಗರದ ವಿಷ 0.6 ಮಿಲಿಗ್ರಾಂ, ಕಟ್ಟುಹಾವಿನದು 0.45, ಕೊಳಕುಮಂಡಲದ್ದು 0.6, ಗರಗಸ ಮಂಡಲದ್ದು 0.45. ಯಾವ ಸೀಮೆಯ ಮಂಡಲ ಎಂದು ಬರೆದಿಲ್ಲ.

ಆರು ತಾಸಿನ ಮೇಲೆ ರಕ್ತ ಮತ್ತೆ ನಳಿಕೆಗೆ. ಆಗಲೂ ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಬಾಟಲಿ ಬೇಕು. ಡಾಕ್ಟರು ಕಪಾಟಿನಲ್ಲಿ ಉಳಿದವನ್ನು ಎಣಿಸುತ್ತಿದ್ದಾರೆ.