ಕವಲಿನ ಬಾಯಲ್ಲೇ ಯಾಕೆ?

1985ರ ಮಳೆಗಾಲ. ನಾನಾಗ ಮೈಸೂರಿನಲ್ಲಿ ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿ. ಒಂದು ಸಂಜೆ ಪೆಥಾಲಜಿ ಪ್ರಾಕ್ಟಿಕಲ್ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಮೈಕ್ರೋಸ್ಕೋಪ್ ಬಿಟ್ಟು ಏಳುತ್ತಿದ್ದ ನಮ್ಮನ್ನು ಮೇಡಂ ತಡೆದರು. "ಹಾಸ್ಟೆಲ್ ಕತ್ತಲೇಲಿ ಹೋಗಿ ಏನ್ ಮಾಡ್ತೀರ್ರಪ್ಪ? ಬನ್ನಿ, ಕೂತ್ಕೊಳ್ಳಿ" ಎಂದು ಅಟೆಂಡರ್ ಕೈಲಿ ಕಂದೀಲು ತರಿಸಿ ಉದ್ದನೆಯ ಮೇಜಿನ ಮೇಲೆ ಇಡಿಸಿದರು. ಪಕ್ಕದ ಎನಾಮಲ್ ಟ್ರೇಯಲ್ಲಿ ಉದ್ದಕ್ಕೆ ಸೀಳಿ ಹರಡಿದ್ದ ಒಂದು ಮಹಾಪಧಮನಿ ಇತ್ತು.

"ಇದರೊಳಗೆ ಹರಿದದ್ದು ಒಂದೇ ರಕ್ತ. ಮೇಲೂ ಅದೇ ಕೊಲೆಸ್ಟ್ರಾಲ್, ಕೆಳಗೂ ಅದೇ. ಆದ್ರೆ ಪ್ಲಾಕ್ ಎಲ್ಲೆಲ್ಲಿ ಕೂತಿದೆ ನೋಡಿ" ಎಂದರು ಮೇಡಂ.

ಬಗ್ಗಿ ನೋಡಿದೆವು. ನೆಟ್ಟಗೆ ಹರಿಯುವ ಕಡೆ ನಾಳದ ಒಳಮೈ ಬಹುಪಾಲು ನುಣುಪಾಗಿತ್ತು. ಪಕ್ಕೆಲುಬುಗಳ ಕಡೆಗೆ, ಮೂತ್ರಪಿಂಡಗಳ ಕಡೆಗೆ ಕವಲೊಡೆಯುವ ತೂತುಗಳ ಸುತ್ತ, ಕೊನೆಯಲ್ಲಿ ಎರಡು ಕಾಲಿಗೆಂದು ಇಬ್ಭಾಗವಾಗುವ ಕಡೆ ಹಳದಿ ಉಬ್ಬುಗಳು ಒತ್ತಾಗಿದ್ದವು.

"ಕವಲಿನ ಬಾಯಲ್ಲೇ ಯಾಕೆ?"

ಮಂಡ್ಯ ಕಡೆಯ ಗೆಳೆಯನೊಬ್ಬ ತಟ್ಟನೆ ಹೇಳಿದ: "ನಾಲೆ ತೂಬಿನ ಹತ್ರ ಹೂಳು ಕೂರೋ ಹಾಗೆ, ಮೇಡಂ."

"ಅರ್ಧ ಸರಿ. ನೀರಿನ ಓಟ ಅಲ್ಲಿ ಕೆಡುತ್ತೆ, ಅಷ್ಟು ನಿಜ. ಆದ್ರೆ ನಿಮ್ಮ ನಾಲೆಯ ಗೋಡೆಗೆ ಜೀವ ಇಲ್ಲ. ಇದಕ್ಕೆ ಇದೆ. ಜೀವ ಇರೋ ಗೋಡೆ ಏನೇನ್ ಮಾಡುತ್ತೆ ಅಂತ ಹೇಳ್ತೀನಿ, ಕೇಳಿ."

ಅವರು ಹೇಳಿದ್ದು ಜುಡಾ ಫೋಕ್‌ಮನ್ ಎಂಬ ಅಮೆರಿಕದ ಸರ್ಜನ್ ಕಥೆ. 1960ರಲ್ಲಿ ಅವರನ್ನು ನೌಕಾಪಡೆ ಸೇವೆಗೆ ಕರೆಸಿಕೊಂಡಿತು. ತಿಂಗಳುಗಟ್ಟಲೆ ಸಮುದ್ರದಲ್ಲೇ ಇರುವ ಹಡಗುಗಳಲ್ಲಿ ರಕ್ತವನ್ನು ಕೆಡದಂತೆ ಇಟ್ಟುಕೊಳ್ಳುವುದು ಕಷ್ಟ. ಅದಕ್ಕೆ ಬದಲಿಯಾಗಿ ಹಿಮೋಗ್ಲೋಬಿನ್ ದ್ರಾವಣ ಬಳಸಬಹುದೇ ಎಂದು ಬೆಥೆಸ್ಡಾದ ಪ್ರಯೋಗಾಲಯದಲ್ಲಿ ಅವರೂ ಫ್ರೆಡರಿಕ್ ಬೆಕರ್ ಎಂಬುವವರೂ ಪರೀಕ್ಷೆ ಮಾಡುತ್ತಿದ್ದರು. ಮೊಲದ ಥೈರಾಯ್ಡ್ ಗ್ರಂಥಿಯನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿಟ್ಟು, ಆ ದ್ರಾವಣ ಹರಿಸಿ ಜೀವಂತವಾಗಿ ಉಳಿಸಿಕೊಂಡರು. ಅದರೊಳಗೆ ಇಲಿಯ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಗಂಟು ಒಂದೆರಡು ಮಿಲಿಮೀಟರ್ ಬೆಳೆದು ನಿಂತುಬಿಟ್ಟಿತು. ಸತ್ತಿದೆಯೇನೋ ಎಂದು ತೆಗೆದು ಇಲಿಯ ಮೈಗೆ ಸೇರಿಸಿದರೆ, ಅದೇ ಗಂಟು ಭರಭರನೆ ಬೆಳೆಯಿತು. ಇಲಿಯ ಮೈಯಲ್ಲಿ ಗಂಟಿನೊಳಕ್ಕೆ ಹೊಸ ರಕ್ತನಾಳಗಳು ಹೊಕ್ಕಿದ್ದವು, ಗಾಜಿನಲ್ಲಿ ಹೊಕ್ಕಿರಲಿಲ್ಲ.

ಗಂಟು ಬೆಳೆಯಬೇಕಾದರೆ ನಾಳಗಳನ್ನು ಕರೆಯಬೇಕು, ಕರೆಯುವುದಕ್ಕೆ ಏನೋ ಒಂದು ರಾಸಾಯನಿಕ ಕಳಿಸುತ್ತಿರಬೇಕು, ಆ ಕರೆಯನ್ನು ತಡೆದರೆ ಗಂಟು ಹಸಿದು ನಿಲ್ಲಬೇಕು. ಫೋಕ್‌ಮನ್ ಈ ವಾದವನ್ನು 1971ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದರು. ಆಗ ಅವರು ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಮುಖ್ಯ ಸರ್ಜನ್. ಬಹಳ ಜನ ನಂಬಲಿಲ್ಲ. ಗಂಟಿನ ಸುತ್ತ ಕಾಣುವ ಕೆಂಪು ಬರಿಯ ಉರಿಯೂತ ಎಂದರು. ಫೋಕ್‌ಮನ್ ಆದರೋ ಆಪರೇಷನ್ ಟೇಬಲ್ ಮೇಲೆ ಗೆಡ್ಡೆಗಳು ಹೇಗೆ ರಕ್ತ ಸುರಿಸುತ್ತವೆ ಎಂದು ಕಣ್ಣಾರೆ ಕಂಡವರು. ಪಟ್ಟು ಬಿಡಲಿಲ್ಲ.

ಅವರ ಪ್ರಯೋಗಾಲಯದಲ್ಲಿ ಮೈಕೆಲ್ ಗಿಂಬ್ರೋನ್ ಎಂಬ ಎಳೆಯ ಡಾಕ್ಟರಿದ್ದರು. ಮೊಲದ ಕಣ್ಣಿನ ಮುಂಭಾಗದ ದ್ರವದಲ್ಲಿ ಗೆಡ್ಡೆಯ ಚೂರನ್ನು ತೇಲಬಿಟ್ಟರೆ ಅದು ಪುಟ್ಟದಾಗಿಯೇ ಉಳಿಯುವುದನ್ನೂ, ಅದನ್ನೇ ರಕ್ತನಾಳಗಳಿರುವ ಐರಿಸ್ ಮಗ್ಗುಲಿಗೆ ಇಟ್ಟರೆ ನಾಳಗಳು ಹೊಕ್ಕು ಗಾತ್ರ ಸಾವಿರಾರು ಪಟ್ಟು ಹಿಗ್ಗುವುದನ್ನೂ 1972ರಲ್ಲಿ ಅವರು ತೋರಿಸಿದರು. ಗೆಡ್ಡೆ ಒಂದೇ, ಕಣ್ಣೂ ಒಂದೇ. ನಾಳ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

"ಇದು ಕ್ಯಾನ್ಸರ್ ಕಥೆ ಆಯ್ತು, ಮೇಡಂ. ನಮ್ಮ ಪ್ಲಾಕ್‌ಗೇನು ಸಂಬಂಧ?" ಎಂದು ಯಾರೋ ಕೇಳಿದರು.

ಮೇಡಂ ಇದಕ್ಕೇ ಕಾದಿದ್ದರು. ಡ್ರಾಯರ್‌ನಿಂದ ಒಂದು ಜೆರಾಕ್ಸ್ ಪ್ರತಿ ತೆಗೆದರು. ಹಾರ್ವರ್ಡ್‌ನ ಕ್ಲಿಫರ್ಡ್ ಬಾರ್ಜರ್ ಮತ್ತು ಸಂಗಡಿಗರು 1984ರಲ್ಲಿ ಅದೇ ಜರ್ನಲ್‌ನಲ್ಲಿ ಬರೆದ ಲೇಖನ. ಸತ್ತವರ ಹೃದಯದ ಅಪಧಮನಿಗಳಿಗೆ ಸಿಲಿಕೋನ್ ತುಂಬಿ, ಸುತ್ತಲಿನ ಅಂಗಾಂಶವನ್ನು ಪಾರದರ್ಶಕ ಮಾಡಿ ನೋಡಿದಾಗ ಅವರಿಗೆ ಕಂಡದ್ದು ಇದು: ಆರೋಗ್ಯವಾಗಿರುವ ಕಡೆ ನಾಳದ ಗೋಡೆಯಲ್ಲಿ ಕಿರುನಾಳಗಳು ವಿರಳ, ಪ್ಲಾಕ್ ಇರುವ ಕಡೆ ದಟ್ಟ ಬಲೆ. ದೊಡ್ಡ ನಾಳದ ಗೋಡೆಗೂ ಉಸಿರು ಬೇಕು. ಒಳಗೆ ಹರಿಯುವ ರಕ್ತದಿಂದ ಆಮ್ಲಜನಕ ತೀರ ಸ್ವಲ್ಪ ದೂರ ಮಾತ್ರ ಇಳಿಯಬಲ್ಲದು. ಪ್ಲಾಕ್ ದಪ್ಪವಾದಂತೆ ಅದರ ಒಡಲು ಹಸಿಯುತ್ತದೆ. ಹಸಿದಾಗ, ಗೆಡ್ಡೆಯ ಹಾಗೆಯೇ, ಅದೂ ನಾಳಗಳನ್ನು ಕರೆಯುತ್ತದೆ.

ಮೇಡಂ ಆ ಹಾಳೆಯನ್ನು ಕಂದೀಲಿಗೆ ಹಿಡಿದು ಚಿತ್ರ ತೋರಿಸುತ್ತಿದ್ದಾಗ ನನ್ನೊಳಗೆ ಏನೋ ತಿರುಗಿತು. ಅಲ್ಲಿಯವರೆಗೆ ಅಥೆರೋಸ್ಕ್ಲೆರೋಸಿಸ್ ಎಂದರೆ ಕೊಬ್ಬು ಕಟ್ಟಿಕೊಳ್ಳುವುದು ಎಂದಷ್ಟೇ ತಿಳಿದಿದ್ದೆ. ಅದು ಉಣ್ಣುತ್ತದೆ, ಉಸಿರಾಡುತ್ತದೆ, ಕರೆಯುತ್ತದೆ ಎಂದು ಅಂದು ತಿಳಿಯಿತು. ಹೃದ್ರೋಗ ವಿಭಾಗವನ್ನೇ ಆರಿಸಿಕೊಳ್ಳಬೇಕೆಂಬ ಆಸೆ ಹುಟ್ಟಿದ್ದು ಆ ಮೇಜಿನ ಮುಂದೆ.

ಕರೆಂಟು ಬಂತು, ಎದ್ದು ಹೋದೆವು. ಕವಲಿನ ಪ್ರಶ್ನೆಗೆ ಪೂರ್ತಿ ಉತ್ತರ ಅಂದು ಯಾರ ಬಳಿಯೂ ಇರಲಿಲ್ಲ. ಮುಂದಿನದು ನಾನು ವರ್ಷಗಳುದ್ದಕ್ಕೂ ಜರ್ನಲ್‌ಗಳಲ್ಲಿ ಹಿಂಬಾಲಿಸಿದ ಕಥೆ. ಅದರ ನಾಯಕ ಆ ಮೊಲದ ಕಣ್ಣಿನ ಗಿಂಬ್ರೋನ್.

ನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ತೆಳುವಾದ ಅಸ್ತರಿ ಇದೆ, ಎಂಡೋಥೀಲಿಯಂ. ಹೆರಿಗೆಯ ಬಳಿಕ ಎಸೆಯುವ ಹೊಕ್ಕುಳಬಳ್ಳಿಯಿಂದ ಆ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸುವುದು 1970ರ ದಶಕದ ಮೊದಲ ವರ್ಷಗಳಲ್ಲಿ ಸಾಧ್ಯವಾಯಿತು. ಅದನ್ನು ಸಾಧಿಸಿದವರಲ್ಲಿ ಗಿಂಬ್ರೋನ್ ಒಬ್ಬರು. ಆಮೇಲೆ ಎಂಐಟಿಯ ಎಂಜಿನಿಯರ್ ಫೋರ್ಬ್ಸ್ ಡ್ಯೂಯಿ ಜೊತೆ ಸೇರಿ, ಬೆಳೆಸಿದ ಕೋಶಗಳ ಮೇಲೆ ಶಂಕುವಿನಾಕಾರದ ತಿರುಗಣಿಯಿಂದ ದ್ರವ ಹರಿಸುವ ಸಾಧನ ಕಟ್ಟಿದರು. 1981ರಲ್ಲಿ ಅವರು ವರದಿ ಮಾಡಿದ್ದು: ಒಂದೇ ದಿಕ್ಕಿಗೆ ಹರಿವು ಸಿಕ್ಕಿದಾಗ ಕೋಶಗಳು ನೀಳವಾಗಿ, ಹರಿವಿನ ದಿಕ್ಕಿಗೇ ಸಾಲುಗಟ್ಟುತ್ತವೆ. ರಕ್ತದ ಸವರುವಿಕೆಯನ್ನು ಕೋಶ ಗ್ರಹಿಸುತ್ತದೆ. ಮುಂದೆ ತಿಳಿದದ್ದು, ಅಂಥ ಹದವಾದ ಹರಿವಿನಲ್ಲಿ ಕೋಶದೊಳಗಿನ ರಕ್ಷಕ ಜೀನ್‌ಗಳು ಎಚ್ಚರವಾಗುತ್ತವೆ ಎಂಬುದು. ಕವಲಿನ ಬಾಯಲ್ಲಿ ಹರಿವು ಸುಳಿಯಾಗಿ ಹಿಂದುಮುಂದಾಗುತ್ತದೆ, ಆ ರಕ್ಷಣೆ ಅಲ್ಲಿ ಕ್ಷೀಣ. 1991ರಲ್ಲಿ ಮೈರನ್ ಸೈಬಲ್‌ಸ್ಕಿ ಮತ್ತು ಗಿಂಬ್ರೋನ್, ಕೊಲೆಸ್ಟ್ರಾಲ್ ಉಣಿಸಿದ ಮೊಲಗಳಲ್ಲಿ ರೋಗ ಶುರುವಾಗುವ ತಾಣಗಳ ಮೇಲೆ ಎಂಡೋಥೀಲಿಯಂ ಬಿಳಿ ರಕ್ತಕಣಗಳನ್ನು ಹಿಡಿದುಕೊಳ್ಳುವ ಒಂದು ಅಂಟು ಪ್ರೋಟೀನನ್ನು ಹೊರಚಾಚುವುದನ್ನು ಕಂಡರು. ಹಾಗೆ ಸಿಕ್ಕ ಬಿಳಿಕಣಗಳು ಗೋಡೆಯೊಳಗೆ ಇಳಿದು ಕೊಲೆಸ್ಟ್ರಾಲ್ ನುಂಗಿ ಉಬ್ಬುತ್ತವೆ. ಮೇಡಂ ಕೇಳಿದ್ದಕ್ಕೆ ಇದು ಉತ್ತರ.

ಇನ್ನು ಫೋಕ್‌ಮನ್. ನಾಳಗಳ ಬೆಳವಣಿಗೆ ತಡೆಯುವ ಎಂಡೋಸ್ಟಾಟಿನ್ ಎಂಬ ಪ್ರೋಟೀನು 1997ರಲ್ಲಿ ಅವರ ಪ್ರಯೋಗಾಲಯದಿಂದ ಬಂತು. 1999ರಲ್ಲಿ ಕರೆನ್ ಮೌಲ್ಟನ್ ಅದೇ ಬಳಗದಿಂದ ಸರ್ಕ್ಯುಲೇಷನ್ ಜರ್ನಲ್‌ನಲ್ಲಿ ಬರೆದದ್ದನ್ನು ನಾನು ಒಂದೇ ಉಸಿರಿಗೆ ಓದಿದೆ. ಅಥೆರೋಸ್ಕ್ಲೆರೋಸಿಸ್‌ಗೆ ಈಡಾಗುವ ತಳಿಯ ಇಲಿಗಳಿಗೆ ಎಂಡೋಸ್ಟಾಟಿನ್ ಕೊಟ್ಟಾಗ ಪ್ಲಾಕ್‌ನ ಬೆಳವಣಿಗೆ ಶೇ 85ರಷ್ಟು ತಗ್ಗಿತು. ಕೊಲೆಸ್ಟ್ರಾಲ್ ಮಟ್ಟ ಇಳಿದಿರಲಿಲ್ಲ. ಬಾರ್ಜರ್ ಊಹಿಸಿದ್ದಕ್ಕೆ ಪ್ರಾಣಿಯಲ್ಲಿ ಪುರಾವೆ ಸಿಕ್ಕಿತ್ತು. 2003ರಲ್ಲಿ ಭಾರತ ಮೂಲದ ರೇಣು ವಿರ್ಮಾನಿಯವರ ತಂಡ ಮನುಷ್ಯರ ಹೃದಯಗಳನ್ನು ಪರೀಕ್ಷಿಸಿ, ಪ್ಲಾಕ್ ಒಳಗೆ ರಕ್ತ ಸೋರಿದಾಗ ಕೆಂಪು ಕಣಗಳ ಪೊರೆಯ ಕೊಲೆಸ್ಟ್ರಾಲ್ ಕೂಡ ಅಲ್ಲಿ ಜಮೆಯಾಗಿ ಅದನ್ನು ಅಪಾಯಕಾರಿಯಾಗಿಸುತ್ತದೆ ಎಂದು ತೋರಿಸಿತು. ಅವಸರದಲ್ಲಿ ಹುಟ್ಟಿದ ಆ ಕಿರುನಾಳಗಳ ಗೋಡೆ ಬಲು ದುರ್ಬಲ, ಸೋರುತ್ತವೆ.

ಹಾಗಿದ್ದರೆ ನಾಳ ಬೆಳೆಯದಂತೆ ತಡೆದುಬಿಟ್ಟರಾಯಿತಲ್ಲ? ಇಲ್ಲ. ರಕ್ತ ಸಾಲದ ಹೃದಯಕ್ಕೆ ಹೊಸ ನಾಳಗಳೇ ಆಸರೆ. ಬಾಸ್ಟನ್‌ನವರೇ ಆದ ಜೆಫ್ರಿ ಇಸ್ನರ್ ನಾಳ ಬೆಳೆಸುವ ಜೀನನ್ನು ರೋಗಿಗಳ ಕಾಲಿಗೆ, ಹೃದಯಕ್ಕೆ ಕೊಟ್ಟು ನೋಡಿದರು. ಆ ದಾರಿಯ ದೊಡ್ಡ ಪರೀಕ್ಷೆಗಳು ಬಯಸಿದ ಫಲ ಕೊಡಲಿಲ್ಲ. ಇತ್ತ, ನಾಳ ತಡೆಯುವ ಬೆವಾಸಿಜುಮ್ಯಾಬ್ 2004ರಲ್ಲಿ ಕ್ಯಾನ್ಸರ್ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಫೋಕ್‌ಮನ್ ಮೂವತ್ತು ವರ್ಷ ಹಿಂದೆ ಹೇಳಿದ್ದು ನಿಜವಾಯಿತು. ನಮ್ಮ ಊರುಗಳ ಕಣ್ಣಾಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರ ದೃಷ್ಟಿ ಉಳಿಸಲು ಇಂದು ಅದೇ ಔಷಧದ ಸೂಜಿ ಚುಚ್ಚುತ್ತಾರೆ. ಆದರೆ ಕ್ಯಾನ್ಸರ್‌ಗೆ ಅದನ್ನು ಪಡೆಯುವವರಲ್ಲಿ ಬಿಪಿ ಏರುವುದುಂಟು, ಕೆಲವರ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಒಂದು ಕಡೆ ನಾಳವನ್ನು ತಡೆದರೆ ಇನ್ನೊಂದು ಕಡೆ ಅಸ್ತರಿ ನೊಂದೀತು.

2008ರ ಜನವರಿ 14ರಂದು ಫೋಕ್‌ಮನ್ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. 74 ವರ್ಷ. ಉಪನ್ಯಾಸಕ್ಕೆಂದು ಹೊರಟಿದ್ದರು. ಸುದ್ದಿ ಓದಿ ಆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಈಗಲೂ ವಾರ ತಪ್ಪದೆ ಯಾರಾದರೊಬ್ಬರು ಕೇಳುತ್ತಾರೆ: "ಬ್ಲಾಕ್ ತೆಗ್ಸಿ ಸ್ಟೆಂಟ್ ಹಾಕಿಸ್ಕೊಂಡಾಯ್ತಲ್ಲ ಡಾಕ್ಟ್ರೇ, ಇನ್ನೂ ಗುಳಿಗೆ ಯಾಕೆ?" ಸ್ಟೆಂಟು ತೆರೆದದ್ದು ಒಂದು ಕಡೆ. ಅಸ್ತರಿ ಇರುವುದು ಮೈಯ ಪ್ರತಿ ನಾಳದಲ್ಲೂ, ಪ್ರತಿ ಕವಲಿನಲ್ಲೂ. ಬೀಡಿಯ ಹೊಗೆಗೆ ಅದು ನೋಯುತ್ತದೆ, ದಿನದ ನಡಿಗೆಗೆ ಚೇತರಿಸಿಕೊಳ್ಳುತ್ತದೆ. ಸ್ಟ್ಯಾಟಿನ್ ಗುಳಿಗೆ ಕೊಲೆಸ್ಟ್ರಾಲ್ ಇಳಿಸುವುದಲ್ಲದೆ ಆ ಕೋಶಗಳ ರಕ್ಷಕ ಜೀನನ್ನೂ ಎಬ್ಬಿಸಬಲ್ಲದು ಎಂದು ಗಿಂಬ್ರೋನ್ ಬಳಗವೇ ಪ್ರಯೋಗಾಲಯದಲ್ಲಿ ತೋರಿಸಿದೆ. ಇಷ್ಟನ್ನೂ ರೋಗಿಯ ಪಕ್ಕ ಕೂತು, ಅವರ ಮಾತಿನಲ್ಲೇ ಹೇಳುತ್ತೇನೆ. ಗೋಡೆಗೆ ಜೀವವಿದೆ ಎಂದು ಅರಿತವರು ಗುಳಿಗೆ ಬಿಡುವುದು ಕಡಿಮೆ, ಬೀಡಿ ಬಿಡುವುದು ಹೆಚ್ಚು. ಒಪಿಡಿಯಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಅದನ್ನು ತಿಳಿಸಿ ಹೇಳುವಷ್ಟು ಹೊತ್ತನ್ನು ರೋಗಿಗೆ ಕೊಡಲೇಬೇಕೆಂದು ನನ್ನ ಜೊತೆ ಕಲಿಯುವ ಎಳೆಯರಿಗೆ ಹೇಳುತ್ತೇನೆ. ಅದೂ ಚಿಕಿತ್ಸೆಯೇ.